ಕಪ್ಪಿಗಿಂತ ಕಪ್ಪು

ಮೂರನೇ ಸಲ ಅದೇ ಸೆಟ್ಟು ಅಂಗಡಿಗೆ ಬಂತು,
ಖಾಲಿ ಕಬ್ಬಿನ ಗಾಡಿಯಲ್ಲಿ, ಹುಲ್ಲಿನ ಮೇಲೆ,
ಹಳೇ ಜಮಖಾನ ಹೊದ್ದು,
ಆಸ್ಪತ್ರೆಗೆ ಹೊರಟ ಬಸುರಿಯ ಹಾಗೆ.

ಬೋರಲಿಂಗಯ್ಯ, ಸಕ್ಕರೆ ಕಾರ್ಖಾನೆಯ ತೂಕದ ಮನೆ ಗುಮಾಸ್ತರು,
ರಸ್ತೆಯಿಂದಲೇ ಕೂಗಿದರು:
‘ಚಿತ್ರ ಹರೀತದೆ ಕಣವ್ವಾ, ಬಟ್ಟೆ ಹರಿದಂಗೆ!
ಮೊಕಗಳೆಲ್ಲ ವಾಲ್ಕಂಡು ಓಡೋಯ್ತವೆ,
ಬಿಳೀ ಪಂಚೆ ಕಪ್ಪಾಯ್ತದೆ, ಕರೀ ಕೂದ್ಲು ಬೆಳ್ಳಗಾಯ್ತದೆ!’
ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ನೋಡಿದ.
ಮೂವತ್ತು ವರ್ಷ ಅರೆಯುವ ಮಿಲ್ಲಿನ ಪಕ್ಕ ದುಡಿದ ಗಂಟಲು,
ಅವರ ಗುಟ್ಟೂ ಗುತ್ತಲು ರಸ್ತೆ ದಾಟುತ್ತದೆ.

ನಮ್ಮ ಬೆಂಚಿನ ಮೇಲೆ ಸೆಟ್ಟು ಸಾಧು.
ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಊದಿ,
ಎಜಿಸಿ ಗೆರೆಗೆ ಮೀಟರಿನ ಮೊನೆ ಮುಟ್ಟಿಸಿದೆ.
ಮುಳ್ಳು ಎಲ್ಲಿರಬೇಕೋ ಅಲ್ಲೇ.

ಮುನವ್ವರ್ ಮೇಷ್ಟ್ರು, ಬೀಡಿ ಕಿವಿಗೆ ಸಿಕ್ಕಿಸಿ,
ಮೊದಲ ವಾರವೇ ಹೇಳಿಕೊಟ್ಟಿದ್ದರು:
‘ದೂರದ ದನಿ ಸಣ್ಣಗೆ ಬಂದರೆ ಎತ್ತಿ ಕೊಡೋದು,
ಹತ್ತಿರದ್ದು ಅಬ್ಬರಿಸಿ ಬಂದರೆ ತಗ್ಗಿಸೋದು,
ನೋಡೋರಿಗೆ ಎರಡೂ ಒಂದೇ ಅನ್ನಿಸಬೇಕು.
ಇಷ್ಟೇ ಇದರ ಕೆಲಸ. ಯಾರೂ ಥ್ಯಾಂಕ್ಸ್ ಹೇಳಲ್ಲ.’

ಹಾಗಾದರೆ ಅಳೆಯುವುದು ಎಲ್ಲಿ, ಎಂದಿದ್ದೆ.
ಚಿತ್ರವನ್ನೇ ಅಳೆದರೆ
ಹಾಲು ಬಂದಾಗ ಒಂದು ಲೆಕ್ಕ,
ಎಮ್ಮೆ ಬಂದಾಗ ಇನ್ನೊಂದು ಲೆಕ್ಕ ಆಗದೇ?
ಮೇಷ್ಟ್ರು ನಕ್ಕು, ಬೀಡಿ ಕಟ್ಟಿನ ಕಾಗದದ ಹಿಂದೆ ಗೆರೆ ಎಳೆದರು:
ಒಂದು ಸಾಲು ಬರೆದು ಮುಗಿಸಿದ ಕಿರಣ
ಇನ್ನೊಂದು ಸಾಲಿಗೆ ಹಿಂದಿರುಗುವ ಸಂದಿ,
ಅಲ್ಲಿ ಚಿತ್ರವಿಲ್ಲ. ಕಪ್ಪು. ಕಪ್ಪಿಗಿಂತ ಕಪ್ಪು.
ಗೋಪುರ ಅತಿ ಗಟ್ಟಿಯಾಗಿ ಕೂಗುವುದು ಆಗಲೇ,
ಏನನ್ನೂ ತೋರಿಸದ ಆ ಚಣದಲ್ಲಿ.
ಸರ್ಕ್ಯೂಟು ಆಗ ಮಾತ್ರ ಬಾಗಿಲು ತೆರೆದು
ಕಿವಿಗೊಟ್ಟು ಮುಚ್ಚುತ್ತದೆ,
ಸೆಕೆಂಡಿಗೆ ಹದಿನೈದು ಸಾವಿರದ ಆರುನೂರ ಇಪ್ಪತ್ತೈದು ಸಲ.

ಸರಿಯಾಗಿರುವುದನ್ನು ಸರಿ ಮಾಡುವುದು ಹೇಗೆ?
ಎರಡು ಸಲ ಕೆಪಾಸಿಟರ್ ಬದಲಿಸಿ ಕಾಸು ಎಣಿಸಿಕೊಂಡ ನಾಚಿಕೆಗೆ
ಈ ಸಲ ಗಾಡಿ ಹತ್ತಿ ಅವರ ಮನೆಗೇ ಹೋದೆ.
ಅಲ್ಲಿ, ಅದೇ ಸೆಟ್ಟಿನಲ್ಲಿ, ಮುಳ್ಳು ತಳಕ್ಕೆ ಬಿದ್ದಿತ್ತು.
ತಗ್ಗಬಲ್ಲಷ್ಟೂ ತಗ್ಗಿ, ನೆಲಕ್ಕೆ ಹಣೆ ಮುಟ್ಟಿಸಿ,
ಇನ್ನು ತಗ್ಗಲು ಜಾಗವಿಲ್ಲದೆ
ಹಾಗೇ ಇತ್ತು, ನಾನು ಎರಡು ಸಲ ಅನುಮಾನಪಟ್ಟ ಸರ್ಕ್ಯೂಟು.

ತಾರಸಿ ಹತ್ತಿದೆ.
ಕಂಬದ ತುದಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದ ಬೂಸ್ಟರು,
ಮಳೆ ತಾಗದಂತೆ ಮೊಸರಿನ ಡಬ್ಬಿ ಕವುಚಿ.
ಬೆಂಗಳೂರಿನ ಸಿಗ್ನಲ್ಲು ಸತ್ತೂ ಬದುಕಿ ಬರುತ್ತಿದ್ದ ಕಾಲದ್ದು.
ಆಗ ಭಾನುವಾರ ಇಡೀ ಬೀದಿ ಈ ಜಗಲಿಯಲ್ಲಿ ಕುಳಿತು
ಮಿಲ್ಲಿನ ಬೂದಿ ಸುರಿದಂಥ ಚುಕ್ಕಿಗಳೊಳಗೆ
ಇದು ಮೂಗು, ಅಲ್ಲ ಅದು ಮೀಸೆ, ಎಂದು
ಪಂದ್ಯ ಕಟ್ಟುತ್ತಿತ್ತಂತೆ.
ಮೈಸೂರಿನ ಕಡೆ ಗೋಪುರ ಎದ್ದು ಎರಡು ವರ್ಷ.
ಇದಕ್ಕೆ ಯಾರೂ ಹೇಳಿಲ್ಲ;
ಹಸಿದವರ ಪಂಕ್ತಿಯೆಂದೇ ತಿಳಿದು
ಸೌಟಿನ ಮೇಲೆ ಸೌಟು ಸುರಿಯುತ್ತಲೇ ಇದೆ.

‘ಬಿಚ್ಚಿಬಿಡಲಾ?’
‘ಬಿಚ್ಚವ್ವ! ಆದ್ರೆ ಬಿಸಾಕ್ಬ್ಯಾಡ!’ ಕೆಳಗಿನಿಂದ ಕೂಗು,
‘ನಾಳೆ ಆ ಟವರು ಕೆಟ್ಟೋದ್ರೆ?’

ವಾರ್ತೆಯವಳು ಸೆರಗು ಸರಿಮಾಡಿಕೊಂಡವಳಂತೆ ನೆಟ್ಟಗಾದಳು.
ಅರೆಯುವ ಕಾಲ ಮುಗಿದು
ಕಾರ್ಖಾನೆ ಬಾಯಿ ಮುಚ್ಚಿದ್ದ ಸಂಜೆ,
ಮಿಲ್ಲಿಲ್ಲ, ಸೈರನ್ನಿಲ್ಲ,
ಮಾರು ದೂರದ ಹೆಂಡತಿಗೆ ಅವರು
ಕಾಫಿ ಮಾಡೆಂದು ಊರಿಗೇ ಕೇಳುವಂತೆ ಹೇಳಿದರು.
ಸಕ್ಕರೆ ಜಾಸ್ತಿ ಬ್ಯಾಡ ಅಂದರು, ಮೊನ್ನೆಯ ಹಾಲು ನೀರು ಅಂದರು.

ಹೊಂಬಾಳಮ್ಮ ಬೆಚ್ಚಲೂ ಇಲ್ಲ, ಮಾತಿಗೆ ತಿರುಗಲೂ ಇಲ್ಲ.
ಹೂ ಕಟ್ಟುತ್ತಾ ಕುಳಿತಿದ್ದರು.
ಆತ ಮಾತು ನಿಲ್ಲಿಸಿ ಉಸಿರೆಳೆದುಕೊಂಡಾಗ
ಒಮ್ಮೆ, ಆಗ ಮಾತ್ರ, ತಲೆ ಎತ್ತಿ
ಮುಖ ನೋಡಿ
ದಾರ ಕಚ್ಚಿ ಕತ್ತರಿಸಿ ಒಳಗೆ ಹೋದರು.

ನನಗೂ ಒಂದು ಲೋಟ ಬಂತು.
ಬೂಸ್ಟರು ಕಿಟಕಿಯ ಮೇಲೆ,
ಮೊಸರಿನ ಡಬ್ಬಿ ಸಮೇತ.